ಸೆಕೆಸಾಯಿ ಸುಟ್ಟ ಇಟ್ಟಿಗೆಯ ಮನೆ

ಮುರೆವಾ ಪೇಟೆಯ ಕೋರ್ಟಿನಲ್ಲಿ ತಪೇರಾ ನೆಟ್ಟಗೆ ನಿಂತು, ಸೆಕೆಸಾಯಿ ತನ್ನ ಹೆಂಡತಿಯೇ ಅಲ್ಲ, ಸುಮ್ಮನೆ ಜೊತೆಗಿದ್ದವಳು ಎಂದುಬಿಟ್ಟ. ಹತ್ತೊಂಬತ್ತು ವರ್ಷ ಅವಳ ಕೈಯಡುಗೆ ಉಂಡ ಬಾಯಿ ಅದು! ಮದುವೆ ನೋಂದಣಿಯಾಗಿರಲಿಲ್ಲ, ಮನೆ ಅವನ ಹೆಸರಿನಲ್ಲಿತ್ತು. ಅವಳೂ ಇಬ್ಬರು ಹೆಣ್ಣುಮಕ್ಕಳೂ ಜಾಗ ಖಾಲಿ ಮಾಡಬೇಕೆಂದು ಅವನ ಹಟ.

ಸೆಕೆಸಾಯಿಗೆ ಆ ಮನೆಯೇ ಪ್ರಾಣ. ಹುತ್ತದ ಮಣ್ಣು ಅಗೆದು, ತುಳಿದು, ಇಟ್ಟಿಗೆ ಅಚ್ಚು ಹಾಕಿ ಸುಟ್ಟವಳು ಅವಳು. ಹರಾರೆಯಲ್ಲಿ ಬಸ್ಸು ಓಡಿಸುತ್ತಿದ್ದ ಗಂಡ ತಗಡು, ಸಿಮೆಂಟು ತಂದು ಹಾಕಿದ್ದ. ಅದನ್ನು ಅವಳು ಇಲ್ಲವೆನ್ನಲಿಲ್ಲ.

ಮದುವೆಗೆ ಸಾಕ್ಷಿ ಯಾರು ಎಂದು ನ್ಯಾಯಾಧೀಶೆ ಕೇಳಿದರು. ತೆರ ತೆಗೆದುಕೊಂಡು ಮಗಳನ್ನು ಕೊಟ್ಟ ಅವಳ ಅಪ್ಪನೂ ಮಾತುಕತೆ ನಡೆಸಿದ ಹಿರಿಯನೂ ಸತ್ತು ವರ್ಷಗಳಾಗಿದ್ದವು. ತಪೇರಾನ ಧೈರ್ಯವೆಲ್ಲ ಅದರ ಮೇಲೇ ನಿಂತಿತ್ತು.

ಆಗ ಅವನ ಸೋದರತ್ತೆ ಎದ್ದಳು. ತನ್ನ ಪರ ಮಾತಾಡಲೆಂದು ಅವನೇ ಬಸ್ ಚಾರ್ಜು ಕೊಟ್ಟು ಕರೆಸಿದ್ದ ಮುದುಕಿ.

"ತಾಯೀ, ಬಿತ್ನೆಗೆ ಮುಂಚೆ ಇವ್ನು ನನ್ ಕೈಗೆ ಒಂದು ನಾಣ್ಯ ಇಟ್ಟು, ಇದನ್ನ ಅವಳಿಗೆ ಗುಪುರೊ ಅಂತ ಕೊಟ್ಬಿಡು ಅತ್ತೆ, ನಂಗೂ ಅವಳಿಗೂ ಮುಗೀತು ಅಂದ. ಊರಿನವರ ಮುಂದೇನೇ ಕೊಟ್ಟು ಬಂದೆ."

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ತೆರ ಕೊಟ್ಟು ತಂದ ಹೆಂಡತಿಯನ್ನು ಬಿಡುವಾಗಲ್ಲದೆ ಗುಪುರೊ ಕೊಡುವ ಗಂಡಸು ನಮ್ಮಲ್ಲಿ ಇಲ್ಲ. ತಪೇರಾ ಇನ್ನೊಂದು ಮದುವೆಗೆ ಹೊರಟಿದ್ದ. ಹಳೆಯ ಸಂಬಂಧ ಕಳಚಿಕೊಳ್ಳದೆ ಮಗಳನ್ನು ಕೊಡುವುದಿಲ್ಲವೆಂದು ಹೊಸ ಮಾವ ಪಟ್ಟು ಹಿಡಿದಿದ್ದ, ಅಳಿಯನಾಗುವವನು ಆತುರಕ್ಕೆ ಬಿದ್ದಿದ್ದ. ಆ ಮಾವ ಈಗ ಹಿಂದಿನ ಬೆಂಚಿನಲ್ಲೇ ಕುಳಿತಿದ್ದ. ಗುಪುರೊ ಕೊಟ್ಟಿದ್ದು ನಿಜವೇ ಎಂದು ನ್ಯಾಯಾಧೀಶೆ ತಪೇರಾನನ್ನು ಕೇಳಿದರು. ಕೊಟ್ಟಿಲ್ಲವೆಂದರೆ ಹೊಸ ಮದುವೆಗೆ ಕಲ್ಲು, ಕೊಟ್ಟೆನೆಂದರೆ ಮನೆಗೆ ಕಲ್ಲು.

"ಕೊಟ್ಟೆ," ಎಂದ ತಪೇರಾ.

"ಹೆಂಡ್ತಿನೇ ಅಲ್ದಿದ್ದೋಳಿಗೆ ಯಾಕಪ್ಪಾ ಕೊಟ್ಟೆ?" ಎಂದರು ನ್ಯಾಯಾಧೀಶೆ.

ಮಧ್ಯಾಹ್ನದ ಹೊತ್ತಿಗೆ ತೀರ್ಪು ಬಂತು. ಅವಳು ಸುಟ್ಟ ಇಟ್ಟಿಗೆಯೂ ದುಡಿಮೆಯೇ, ಮಕ್ಕಳನ್ನು ಸಾಕಿದ್ದೂ ದುಡಿಮೆಯೇ. ಮನೆ ಸೆಕೆಸಾಯಿಗೆ, ದನಗಳೂ ಹಳೆಯ ಲಾರಿಯೂ ಅವನಿಗೆ.

ಹೊರಗೆ ತಪೇರಾ ಅತ್ತೆಯ ಮೇಲೆ ಹರಿಹಾಯ್ದ, ಸ್ವಂತ ರಕ್ತವೇ ತನ್ನನ್ನು ಮುಳುಗಿಸಿತು ಎಂದ. ಮುದುಕಿ ಶಾಲು ಸರಿಮಾಡಿಕೊಂಡಳು. "ಕೊಡು ಅಂದೆ, ಕೊಟ್ಟೆ. ಮುಚ್ಚಿಡು ಅಂತ ನೀನು ಹೇಳ್ಲೇ ಇಲ್ವಲ್ಲೋ."

ಸೆಕೆಸಾಯಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟು ಸಂತೋಷ ಅವಳು ಕಂಡೇ ಇರಲಿಲ್ಲ. ಮದುವೆಯಾದ ಮೇಲೆ ಅವಳು ಗಂಡನನ್ನು ಹೆಸರು ಹಿಡಿದು ಕೂಗಿದವಳಲ್ಲ, ಮಗಳು ಹುಟ್ಟಿದ ದಿನದಿಂದ "ಶುವಾಯಿ ಅಪ್ಪ" ಎಂದೇ ಕರೆದವಳು. ಈಗ ಎಲ್ಲರೆದುರು ಅಂಗೈ ಚಾಚಿದಳು.

"ತಪೇರಾ, ಬೀಗದ ಕೈ ಕೊಡು."

ಅವನು ಜೇಬಿಗೆ ಕೈ ಹಾಕಿದ.