ಬೂತಾಯಿ ಸಾರಿನ ಮೇಲೆ ತೇಲುವ ಎಣ್ಣೆ

ನಾನು ಓದಿದ್ದು ಕಡಿಮೆ, ಮೀನು ತಿಂದದ್ದು ಜಾಸ್ತಿ. ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚು ಎಂದು ಬಂತು. ಕದ್ರಿಯ ಡಾಕ್ಟರು ಮಾತ್ರೆ ಬರೆದು, ಎಣ್ಣೆ ಕಡಿಮೆ ಮಾಡಿ ಎಂದರು. ಜೊತೆಗಿದ್ದವಳು ನನ್ನ ಮಗಳು, ಶಾಲೆಯಲ್ಲಿ ಟೀಚರು. ಕಡಿಮೆ ಎಂದರೆ ಅವಳ ಲೆಕ್ಕದಲ್ಲಿ ಸೊನ್ನೆ. ತೆಂಗಿನೆಣ್ಣೆಯ ಡಬ್ಬ ಅಟ್ಟಕ್ಕೆ ಹೋಯಿತು. ಕಾಯಿ, ನೆಲಗಡಲೆ, ಮೊಟ್ಟೆಯ ಹಳದಿ ಎಲ್ಲ ಬಂದ್. ಒಗ್ಗರಣೆಗೆ ನೀರು! ನೀರಿನಲ್ಲಿ ಸಾಸಿವೆ ಸಿಡಿಯುತ್ತದೆಯೇ? ಸತ್ತ ಹಾಗೆ ತೇಲುತ್ತಿತ್ತು. ಅವಳೂ ಅದನ್ನೇ ತಿಂದಳು, ಅದೊಂದು ಒಪ್ಪಬೇಕು.

ಸಹಿಸಲಾಗದ್ದು ಬೂತಾಯಿ ಮೀನಿನ ವಿಷಯ. ಮಳೆ ಇಳಿದ ಮೇಲೆ ಸಿಗುವ ಬೂತಾಯಿಗೆ ಮೈತುಂಬ ಕೊಬ್ಬು. ಮಣ್ಣಿನ ಪಾತ್ರೆಯಲ್ಲಿ ಮೆಣಸು, ಹುಳಿ ಹಾಕಿ ಕುದಿಸಿದರೆ ಸಾಕು, ಮೀನಿನದೇ ಎಣ್ಣೆ ಕೆಂಪಗೆ ಮೇಲೆ ಬಂದು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕಡಲಿಂದ ಬಂದವರ ಬಟ್ಟಲಿಗೆ ಮೊದಲು ಬಡಿಸುತ್ತಿದ್ದೆವು. ಮಗಳು ಅದನ್ನು ಸೌಟಿನಲ್ಲಿ ಕೆನೆ ತೆಗೆದ ಹಾಗೆ ತೆಗೆದು ಸಿಂಕಿಗೆ ಸುರಿದಳು.

"ಎಂತ ಮಾಡ್ತೀ ಮಾರಾಯ್ತಿ? ಅದು ನಾನು ಹಾಕಿದ ಎಣ್ಣೆ ಅಲ್ಲ, ಮೀನಿಂದು!"

"ಯಾರದ್ದಾದ್ರೂ ಎಣ್ಣೆ ಎಣ್ಣೆಯೇ. ಹಾರ್ಟ್ ಬ್ಲಾಕ್ ಆದ್ರೆ ಮೀನು ಬರ್ತದಾ ನಿಮ್ಮನ್ನು ನೋಡ್ಲಿಕ್ಕೆ?"

ಅವಳ ಅಪ್ಪ ಎದೆನೋವಿನಲ್ಲೇ ಹೋದವರು. ಹಾಗಾಗಿ ಎಣ್ಣೆ ತೆಗೆದ ಸಾರನ್ನೇ ಅನ್ನಕ್ಕೆ ಕಲಸಿಕೊಂಡೆ.

ಕೆಲವು ತಿಂಗಳಲ್ಲಿ ಕೈಕಾಲಿನ ಚರ್ಮ ಮೀನಿನ ಹುರುಪೆಯ ಹಾಗೆ ಏಳತೊಡಗಿತು. ಹಿಮ್ಮಡಿ ಬಿರಿದು ರಕ್ತ ಬಂತು. ಬಾಚಣಿಗೆ ತುಂಬ ಕೂದಲು. ಮಗಳು ಚಳಿಗೆ ಎಂದಳು. ಮಂಗಳೂರಿನಲ್ಲಿ ಎಂತ ಚಳಿ? ಮುಲಾಮು ಹಚ್ಚಿದಳು, ಪ್ರಯೋಜನವಾಗಲಿಲ್ಲ. ಕೊನೆಗೆ ನಾನೇ ಅವಳನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಥೈರಾಯ್ಡ್ ನೋಡಿಸಿದರು, ಸರಿ ಇತ್ತು. ಏನು ತಿನ್ನುತ್ತೀರಿ ಎಂದು ಕೇಳಿದರು. ಸಿಂಕಿನ ಕಥೆಯನ್ನೂ ಬಿಡದೆ ಹೇಳಿದೆ.

"ಟೀಚರೇ, ನಾನು ಹೇಳಿದ್ದು ಕಾಯಿಸುವ, ಕರಿಯುವ ಎಣ್ಣೆ ಕಡಿಮೆ ಮಾಡ್ಲಿಕ್ಕೆ. ಕೆಲವು ಕೊಬ್ಬನ್ನು ಶರೀರ ತಾನೇ ಮಾಡಿಕೊಳ್ಳುದಿಲ್ಲ, ಊಟದಲ್ಲೇ ಬರ್ಬೇಕು. ಮೀನಲ್ಲಿ ಒಮೇಗಾ ತ್ರೀ ಉಂಟು, ನೆಲಗಡಲೆಯಲ್ಲಿ ಬೇರೆ ಜಾತಿಯದ್ದು ಉಂಟು. ಎರಡೂ ಹದವಾಗಿ ಬೇಕು. ಎಲ್ಲ ನಿಲ್ಲಿಸಿದ್ರೆ ಚರ್ಮ ಹೀಗೆ ಆಗ್ಲಿಕ್ಕೂ ಸಾಕು."

ನಾನು ನಗುತ್ತ ಮಗಳ ಕಡೆ ತಿರುಗಿದೆ. ಡಾಕ್ಟರು ನನ್ನನ್ನೂ ಬಿಡಲಿಲ್ಲ.

"ಅಜ್ಜಿ, ನೀವು ನಗ್ಬೇಡಿ. ಫ್ರೈ ಬೇಡ. ಮಾತ್ರೆ ಬಿಡ್ಲಿಕ್ಕೂ ಇಲ್ಲ."

ಫ್ರೈ ಬಿಟ್ಟೆ. ಅಷ್ಟಕ್ಕೆ ಮಾತ್ರ ಸೋತೆ.

ಬರುವಾಗ ಉರ್ವ ಮಾರ್ಕೆಟಿನಲ್ಲಿ ಇಳಿದು ಬೂತಾಯಿ ತಂದೆವು. ಸಾರು ಕುದಿದು ಎಣ್ಣೆ ಮೇಲೆ ಬಂತು. ಮಗಳ ಕೈ ಅಭ್ಯಾಸಬಲದಿಂದ ಸೌಟಿಗೆ ಹೋಯಿತು. ಮಣಿಕಟ್ಟು ಹಿಡಿದೆ.

"ಕೆಳಗಿಡು."

"ಸ್ವಲ್ಪ ಮಾತ್ರ ತೆಗೀತೇನೆ ಅಮ್ಮ, ಹೆದರಿಕೆ ಆಗ್ತದೆ."

"ಹೆದರಿಕೆಯನ್ನು ಸಿಂಕಿಗೆ ಹಾಕು."

ಸೌಟನ್ನು ನಾನೇ ತೆಗೆದುಕೊಂಡು ಆ ಕೆಂಪು ಎಣ್ಣೆಯನ್ನು ಮೊದಲು ಅವಳ ಕುಚ್ಚಲಕ್ಕಿ ಅನ್ನದ ಮೇಲೆ ಹಾಕಿದೆ.

"ತಿನ್ನು. ನಿನ್ನ ಹಿಮ್ಮಡಿಯನ್ನೂ ನೋಡಿದ್ದೇನೆ."