ನೀಲಿ ಜಿಂಕೆ ಮತ್ತು ಮುಚ್ಚಿದ ಕನ್ನಡಿ

ಇಂಥದ್ದನ್ನೆಲ್ಲ ನಂಬಿದವನಲ್ಲ ನಾನು. ಊರಲ್ಲಿ ದೈವದ ದರ್ಶನ ಬಂದವರ ಎದುರು ಎಲ್ಲರೂ ಕೈಮುಗಿದು ನಿಂತಿದ್ದರೆ, ನಾನು ಅವರ ಕಣ್ಣು ನಿಜಕ್ಕೂ ಕೆಂಪಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಮನುಷ್ಯರನ್ನು ನಂಬುವುದರಲ್ಲೂ ನಾನು ಸ್ವಲ್ಪ ಹಿಂದೆಯೇ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ, ನನ್ನ ಕಿವಿಗೆ ಹೂ ಇಡಬೇಡಿ ಎಂದು ಎದ್ದು ಹೋಗುತ್ತಿದ್ದೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಆರು ವರ್ಷದ ಹಿಂದಿನ ಮಾತು. ಕುವೈತಿನ ರಾಯ್‌ನಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವ ಒಂದು ವರ್ಕ್‌ಶಾಪಿನಲ್ಲಿ ನಾನು ಮೇಸ್ತ್ರಿಯಾಗಿದ್ದೆ. ಜೊತೆಗಿದ್ದವನು ಸದಾಶಿವ, ಬೆಳ್ತಂಗಡಿ ಕಡೆಯವನು. ಅಬ್ಬಾಸಿಯಾದಲ್ಲಿ ಏಳು ವರ್ಷ ಒಂದೇ ರೂಮು, ಒಂದೇ ಕುಕ್ಕರಿನ ಕುಚ್ಚಲಕ್ಕಿ ಗಂಜಿ. ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದ.

ಒಂದು ಜೂನ್ ತಿಂಗಳ ಬೆಳಿಗ್ಗೆ ಮೆಕ್ಸಿಕೋದ ಟೀಚರಮ್ಮ ಒಬ್ಬರು ಒಂದು ಚಿತ್ರ ತಂದರು. ಅಲ್ಲಿನ ಬೆಟ್ಟಗಳ ಹುಯಿಚೋಲ್ ಜನ ಮಾಡಿದ್ದಂತೆ. ಬಣ್ಣ ಬಳಿದದ್ದಲ್ಲ, ಹಲಗೆಗೆ ಜೇನುಮೇಣ ಮೆತ್ತಿ, ಬಣ್ಣದ ನೂಲನ್ನು ಎಳೆ ಎಳೆಯಾಗಿ ಒತ್ತಿ ಕೂರಿಸಿದ್ದು. ಅಂಚಿಗೆ ಸಣ್ಣ ಮಣಿಗಳು. ನಡುವೆ ರೂಪಾಯಿ ನಾಣ್ಯದಷ್ಟಗಲದ ಕನ್ನಡಿ, ಅದರ ಪಕ್ಕದಲ್ಲಿ ಒಂದು ನೀಲಿ ಜಿಂಕೆ. ಜಿಂಕೆ ದಾರಿ ತೋರಿಸುವವನು, ಕನ್ನಡಿ ದೇವರು ನಮ್ಮನ್ನು ನೋಡುವ ಕಿಂಡಿ, ನಾವು ದೇವರನ್ನು ನೋಡುವುದೂ ಅದರಲ್ಲೇ ಎಂದು ಆಕೆ ವಿವರಿಸಿದರು. ಮೇಣ ಕರಗದಂತೆ ಎಸಿಯಲ್ಲಿಡಿ ಎಂದು ಒಂದು ಸಲ ಹೇಳಿದರು. ಕನ್ನಡಿ ಮುಚ್ಚಬೇಡಿ ಎಂದು ಎರಡು ಸಲ ಹೇಳಿದರು. ಫ್ರೇಮಿನ ಮರ ಆರಿಸಲು ಸಂಜೆ ಬರುತ್ತೇನೆಂದು ಹೋದರು.

ಕನ್ನಡಿಯಿರುವ ಯಾವ ವಸ್ತು ಬಂದರೂ ಕೆಲಸಕ್ಕೆ ಮುಂಚೆ ಅದರ ಮೇಲೆ ಟೇಪ್ ಹಚ್ಚುವುದು ನಮ್ಮ ಕಸುಬಿನ ರೂಢಿ. ಗೀರು ಬಿದ್ದರೆ ನಮ್ಮ ತಲೆಗೇ ಬರುತ್ತದೆ. ಸದಾಶಿವ ಬೇಡ ಎಂದ, ಅವರು ಅಷ್ಟು ಹೇಳಿ ಹೋಗಿದ್ದಾರಲ್ಲ ಎಂದ. ದೇವರಿಗೆ ಅರ್ಧ ದಿನ ಕಣ್ಣು ಕಾಣದಿದ್ದರೆ ಪ್ರಪಂಚವೇನೂ ಮುಳುಗುವುದಿಲ್ಲ ಎಂದು ನಗಾಡಿ ನಾನು ಟೇಪ್ ಹಚ್ಚಿದೆ. ಅದಕ್ಕೂ ಮುಂಚೆ ಜಿಂಕೆ ಎತ್ತ ನೋಡುತ್ತಿತ್ತೋ ಗಮನಿಸಿರಲಿಲ್ಲ. ನಮಗೆ ಬೇಕಾದ್ದು ಉದ್ದಗಲ ಮಾತ್ರ. ಆಮೇಲೆ, ಅಲ್ಲಿಯ ನಿಯಮದಂತೆ, ಕೆಲಸದ ಚೀಟಿಯನ್ನು ಪಕ್ಕದಲ್ಲಿಟ್ಟು ಫೋನಿನಲ್ಲಿ ಒಂದು ಫೋಟೋ ತೆಗೆದೆ.

ಮಧ್ಯಾಹ್ನದ ಬಿಡುವಿಗೆ ನಾನು ಊಟಕ್ಕೆ ಹೋದೆ. ಸದಾಶಿವ ಬಿಸಿಲಿಗೆ ಹೆದರಿ ಒಳಗಿನಿಂದ ಚಿಲಕ ಹಾಕಿ ಅಲ್ಲೇ ಮಲಗಿದ. ನಾಲ್ಕಕ್ಕೆ ಬಂದಾಗ ಟೇಪ್ ಇರಲಿಲ್ಲ. ಜಿಂಕೆ ಕನ್ನಡಿಗೆ ಬೆನ್ನು ಹಾಕಿ ನಿಂತಿತ್ತು. ಏನೋ ಸರಿಯಿಲ್ಲ ಅನ್ನಿಸಿ ಫೋನ್ ತೆಗೆದೆ. ಫೋಟೋದಲ್ಲಿ ಅದೇ ಜಿಂಕೆ ಕನ್ನಡಿಯ ಕಡೆ ತಿರುಗಿ, ಮೂಗು ಟೇಪಿಗೆ ತಾಗುವಷ್ಟು ಕತ್ತು ಚಾಚಿತ್ತು. ಫೋಟೋವೇ ಎಡಬಲವಾಗಿದೆಯೇ ಎಂದು ನೋಡಿದೆ. ಚೀಟಿಯ ಅಕ್ಷರಗಳು ನೆಟ್ಟಗಿದ್ದವು.

ದೇವರ ನೆನಪು ನನಗೆ ಬರಲಿಲ್ಲ. ಬಂದದ್ದು ಒಂದೇ ಯೋಚನೆ: ಇವನು ಚಿತ್ರ ಬದಲಾಯಿಸಿದ್ದಾನೆ. ಇಂಥ ಕೈಕೆಲಸಕ್ಕೆ ಬೆಲೆಯಿದೆ, ಹುಡುಕಿದರೆ ನಕಲು ಸಿಗುತ್ತದೆ, ಮಧ್ಯಾಹ್ನವೆಲ್ಲ ಒಬ್ಬನೇ ಇದ್ದ. ಹಿಂದಿನ ವಾರ ಮೆಟ್ಟಿಲಿನ ಹತ್ತಿರ ಅವನು ಪಿಸುಗುಟ್ಟುತ್ತ ಫೋನಿನಲ್ಲಿ ಮಾತಾಡುತ್ತಿದ್ದದ್ದಕ್ಕೂ ಈಗ ಬೇರೆಯೇ ಅರ್ಥ ಬರತೊಡಗಿತು. ನೇರವಾಗಿಯೇ ಕೇಳಿದೆ.

"ಟೇಪ್ ತೆಗೆದದ್ದು ನಾನೇ ಅಣ್ಣ, ಮನಸ್ಸು ಕೇಳ್ಲಿಲ್ಲ," ಎಂದ. "ಬೇರೆ ಏನೂ ಮುಟ್ಟಲಿಲ್ಲ, ಅಮ್ಮನಾಣೆ."

ಫೋಟೋ ತೋರಿಸಿದಾಗ ಅವನ ಮುಖ ಬಿಳಿಚಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎಂದೇ ನಾನು ತಿಳಿದೆ. ಹಲಗೆಯ ಹಿಂಬದಿ ತಿರುಗಿಸಿ ನೋಡುವಷ್ಟು ತಾಳ್ಮೆಯೂ ಇರಲಿಲ್ಲ. ನಮಗೆ ವೀಸಾ ಕೊಟ್ಟ ಮಾಲೀಕನಿಗೆ, ಕಫೀಲ್‌ಗೆ, ಫೋನ್ ಮಾಡಿದೆ. ಆತ ಬಂದವನೇ ಎರಡು ಮಾತು ಕೇಳಿ ಖಲಾಸ್ ಎಂದು ಸದಾಶಿವನ ಕೈಯಿಂದ ಕೀಲಿ ಇಸಿದುಕೊಂಡ. ಅಲ್ಲಿರಲು ಕೊಡುವ ಪರವಾನಗಿ, ಇಕಾಮಾ, ರದ್ದಾದರೆ ಅವನು ಊರಿನ ವಿಮಾನ ಹತ್ತುವುದೇ. ಅವನ ಹೆಂಡತಿ ಬಸುರಿಯೆಂದು, ಆ ಪಿಸುಮಾತು ಅವಳ ಜೊತೆಯೆಂದು ನನಗೆ ಗೊತ್ತಾದದ್ದು ಆ ಗಲಾಟೆಯಲ್ಲಿ.

ಸಂಜೆ ಟೀಚರಮ್ಮ ಬಂದರು. ಚಿತ್ರ ನೋಡಿದರು, ಫ್ರೇಮಿನ ಮರ ತೋರಿಸಿ ಎಂದರು. ಜಿಂಕೆ ಮೊದಲಿನಿಂದಲೂ ಹೀಗೇ ಇತ್ತೇ ಎಂದು ನಾನೇ ಕೇಳಿದೆ. ದಾರಿ ತೋರಿಸುವವನು ಮುಂದೆ ನೋಡಬೇಕಲ್ಲವೇ ಎಂದು ನಕ್ಕು, ತಮ್ಮ ಫೋನಿನಲ್ಲಿ ಮನೆಯ ಗೋಡೆಯ ಹಳೆಯ ಫೋಟೋಗಳನ್ನು ತೋರಿಸಿದರು. ಎಲ್ಲದರಲ್ಲೂ ಜಿಂಕೆ ಕನ್ನಡಿಗೆ ಬೆನ್ನು ಹಾಕಿತ್ತು. ಹಲಗೆ ತಿರುಗಿಸಿದರೆ, ಮಾಡಿದವನೇ ಬರೆದಿಟ್ಟ ಚಿತ್ರದ ಕಥೆ, ಅದರ ಮೇಲೆ ಅವರ ಮಗಳು ಎಂದೋ ಚೆಲ್ಲಿದ ಕಾಫಿಯ ಕಲೆ. ಅದೇ ಚಿತ್ರ. ಯಾರೂ ಏನನ್ನೂ ಬದಲಾಯಿಸಿರಲಿಲ್ಲ.

ನನ್ನ ಫೋಟೋ ಆಕೆಗೆ ತೋರಿಸಲು ಧೈರ್ಯ ಸಾಲಲಿಲ್ಲ. ಇನ್ನೊಮ್ಮೆ ಟೇಪ್ ಹಚ್ಚಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಚಿತ್ರ ಮೂರು ದಿನ ನನ್ನ ಮೇಜಿನ ಮೇಲೇ ಇತ್ತು. ನನಗೆ ಕೈ ಬರಲಿಲ್ಲ.

ತಪ್ಪಾಯಿತೆಂದು ಕಫೀಲ್‌ಗೆ ಹೇಳಿದೆ. ಒಮ್ಮೆ ಸಂಶಯ ಬಂದವನು ಬೇಡ ಎಂದ. ಬೇರೆ ಕಡೆ ಸೇರಲು ಬಿಟ್ಟದ್ದೇ ದೊಡ್ಡದು. ಸದಾಶಿವ ಫರ್ವಾನಿಯಾದ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದ. ರೂಮೂ ಬಿಟ್ಟ. ನೀನು ಕದ್ದಿಲ್ಲ, ಜಿಂಕೆಯೇ ತಿರುಗಿತು ಎಂದು ಹೇಳಲು ನನಗೆ ನಾಚಿಕೆ. ಹಾಗೆ ಮುಂದೂಡಿ ಮುಂದೂಡಿ, ಕಳೆದ ವರ್ಷ ಹೋಗಿ ಹೇಳಿದೆ. ಈಗ ಅವನು ಅಲ್ಲಿ ಅಡುಗೆಯವನು. ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದ.

"ಜಿಂಕೆಯ ಮೇಲೆ ಸಂಶಯ ಪಡ್ಲಿಕ್ಕೆ ನಿಮಗೆ ಐದು ವರ್ಷ ಬೇಕಾಯ್ತು ಅಣ್ಣ. ನನ್ನ ಮೇಲೆ ಪಡ್ಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು?"

ಜಿಂಕೆ ಹೇಗೆ ತಿರುಗಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಕೇಳಿದ್ದಕ್ಕೆ ಉತ್ತರ ಗೊತ್ತಿತ್ತು.