ಇಂಗ್ಲೆಂಡಿನ ಅಕ್ಕೋರಿಗೆ ಉಡಿ ತುಂಬಿದ್ದು

ಏಕೀಕರಣವಾದ ವರ್ಷ. ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ನಮ್ಮ ಶಾಲೆಯಲ್ಲಿ ಕಲಿಸುವ ಇಂಗ್ಲೆಂಡಿನ ಅಕ್ಕೋರು ಟ್ರಂಕಿನ ಮೇಲೆ ಕುಳಿತಿದ್ದರು. ಎರಡು ವರ್ಷ ಪತ್ರ ಬರೆದು ಅವರನ್ನು ಕರೆಸಿದವನು ಕನ್ನಡ ಮಾಸ್ತರನಾದ ನಾನೇ. ಒಪ್ಪಂದ ಮುಗಿಯುತ್ತಿತ್ತು. ಇನ್ನೊಂದು ವರ್ಷ ಉಳಿಯಲೆಂದು, ಹಿಂದಿನ ದಿನವಷ್ಟೇ ನೇಕಾರರ ಓಣಿಯ ಹೆಂಗಸರು ಮನೆಮಗಳೆಂದು ಅಕ್ಕಿ, ತೆಂಗಿನಕಾಯಿ, ತಾವೇ ನೇಯ್ದ ಸೀರೆ ಹಾಕಿ ಅವರ ಉಡಿ ತುಂಬಿದ್ದರು.

“ಯಾಕ ಹೊಂಟ್ರಿ ಅಕ್ಕೋರ?”

“ನೀವ ಕಳಿಸಾಕತ್ತೀರಲ್ರಿ,” ಎಂದರು, ನಮ್ಮಿಂದ ಕಲಿತ ಕನ್ನಡದಲ್ಲಿ. ಕಣ್ಣು ಕೆಂಪಾಗಿದ್ದವು.

ಉಡಿ ಯಾವಾಗ ತುಂಬುತ್ತಾರೆಂದು ಅವರು ಹಿಂದೊಮ್ಮೆ ಕೇಳಿದ್ದಾಗ ಭಾರೀ ಜಾಣನಂತೆ ಹೇಳಿದ್ದೆ: “ಮಗಳನ್ನ ಮನಿಯಿಂದ ಕಳಸೂಮುಂದ್ರಿ.”

ಕಂಡಕ್ಟರ್ ಸೀಟಿ ಊದಿದ. ನನ್ನ ಹಾಳು ನಾಲಗೆ ಕಚ್ಚಿಕೊಂಡು ಟ್ರಂಕಿನ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡೆ.